ಇನ್ಸುಲಿನ್ನಿಗೆ ಮಣಿಯದ ದೇಹ ಮತ್ತು ಮೂತ್ರಪಿಂಡ: ಒಂದು ಚಾರಿತ್ರಿಕ ವಿವೇಚನೆ

ಮಧುಮೇಹವು ಬಹುಕಾಲ ನೆಲೆನಿಂತ ದೇಹದಲ್ಲಿ ಮೂತ್ರಪಿಂಡಗಳು ಕ್ರಮೇಣ ಕೆಡುವುವೆಂಬುದು ಸರ್ವವಿದಿತವಾದ ಸಂಗತಿ. ಆದರೆ ಅವನ್ನು ಕೆಡಿಸುವುದು ಯಾವುದು? ರಕ್ತದಲ್ಲಿ ಏರಿದ ಸಕ್ಕರೆಯೋ, ಇನ್ಸುಲಿನ್ ತನ್ನ ಕೆಲಸವನ್ನು ಮಾಡಲಾರದೆ ಹೋದುದೋ? ಸಾಮಾನ್ಯ ರೋಗಿಯಲ್ಲಿ ಇವೆರಡೂ ಹೆಣೆದುಕೊಂಡೇ ಇರುವುದರಿಂದ ಉತ್ತರ ಸುಲಭವಲ್ಲ. ಇವನ್ನು ಬಿಡಿಸಿ ನೋಡುವ ಅವಕಾಶವನ್ನು ಒದಗಿಸಿಕೊಟ್ಟವರು ಅತಿವಿರಳವಾದ ಕೆಲವು ಅನುವಂಶೀಯ ವ್ಯಾಧಿಗಳಿಗೆ ತುತ್ತಾದವರು. ಅವರಲ್ಲಿ ಅನೇಕರು ಮಕ್ಕಳು.

ವಿಷಯದ ಎರಡು ಎಳೆಗಳೂ 1936ರಲ್ಲಿಯೇ ಕಾಣಿಸಿಕೊಂಡುವು. ಆ ವರ್ಷ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಅವರು ಇನ್ಸುಲಿನ್ನಿಗೆ ಮಣಿಯುವ ಮಧುಮೇಹಿಗಳೇ ಬೇರೆ, ಮಣಿಯದವರೇ ಬೇರೆ ಎಂದು ಪ್ರತಿಪಾದಿಸಿದರು. ಅದೇ ವರ್ಷ ಬಾಸ್ಟನ್ನಿನಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಅವರು ಮಧುಮೇಹಿಗಳ ಮೂತ್ರಪಿಂಡದಲ್ಲಿ, ರಕ್ತವನ್ನು ಸೋಸುವ ಸೂಕ್ಷ್ಮನಾಳಗಳ ಗೊಂಚಲುಗಳೊಳಗೆ, ಗಂಟುಗಂಟಾದ ವಿಕಾರವನ್ನು ವರ್ಣಿಸಿದರು. ಒಂದನ್ನು ಇನ್ನೊಂದರೊಡನೆ ಕೂಡಿಸಿ ಯೋಚಿಸಲು ಬಹುಕಾಲ ಹಿಡಿಯಿತು.

ಆ ನಡುವೆ ವಿರಳ ರೋಗಿಗಳ ವರ್ಣನೆಗಳು ಒಂದೊಂದಾಗಿ ಬಂದುವು. 1946ರಲ್ಲಿ ಲಂಡನ್ನಿನ ಆರ್. ಡಿ. ಲಾರೆನ್ಸ್ ಅವರು, ಮೈಯ ಕೊಬ್ಬೆಲ್ಲ ಕರಗಿಹೋಗಿ ಮಧುಮೇಹಕ್ಕೆ ಗುರಿಯಾದ ಮಹಿಳೆಯೊಬ್ಬಳ ವಿಚಾರವನ್ನು ಪ್ರಕಟಿಸಿದರು. ಲಾರೆನ್ಸ್ ಸ್ವತಃ ಮಧುಮೇಹಿ; 1923ರಲ್ಲಿ ಇನ್ಸುಲಿನ್ನಿನಿಂದ ಬದುಕಿಕೊಂಡವರು. ಅದೇ ಔಷಧಿ ಇನ್ನೊಂದು ದೇಹದಲ್ಲಿ ಸೋಲುವುದನ್ನು ಅವರೇ ಬರೆದಿಡಬೇಕಾಯಿತು. ಇನ್ಸುಲಿನ್ನಿನ ಜನ್ಮಸ್ಥಾನವಾದ ಟೊರಾಂಟೋವಿನಲ್ಲಿ ಡಾನಹ್ಯೂ ಅವರು 1948ರಲ್ಲಿಯೂ, ಐರೀನ್ ಉಚಿಡಾ ಅವರೊಡಗೂಡಿ 1954ರಲ್ಲಿಯೂ, ಬೆಳವಣಿಗೆಯಿಲ್ಲದೆ ಕೃಶವಾಗಿ ಹುಟ್ಟಿ ಎಳೆತನದಲ್ಲಿಯೇ ತೀರಿಕೊಂಡ ಕೂಸುಗಳನ್ನು ವರ್ಣಿಸಿದರು. ಅಗಲವಾದ ಕಣ್ಣು, ದಪ್ಪ ತುಟಿ, ದೊಡ್ಡ ಕಿವಿಗಳನ್ನು ಕಂಡು, ಐರಿಷ್ ಜನಪದ ಕಥೆಗಳ ಕುಬ್ಜ ಯಕ್ಷನಾದ ‘ಲೆಪ್ರಕಾನ್’ನ ಹೆಸರನ್ನು ಆ ವ್ಯಾಧಿಗೆ ಇಡಲಾಯಿತು. ಕೂಸನ್ನು ಕಳೆದುಕೊಂಡ ತಾಯಿಗೆ ಈ ಹೆಸರು ಹೇಗೆ ಕೇಳಿಸೀತೆಂಬುದನ್ನು ಯಾರೂ ಗಣಿಸಿದಂತಿಲ್ಲ. ಈಚೆಗೆ ಅದನ್ನು ಬಿಟ್ಟು ಡಾನಹ್ಯೂ ಲಕ್ಷಣಕೂಟವೆಂದು ಹೇಳುವುದು ರೂಢಿಗೆ ಬಂದಿರುವುದು ಯುಕ್ತವೇ ಸರಿ. 1956ರಲ್ಲಿ ಅಮೆರಿಕದ ರ‍್ಯಾಬ್‌ಸನ್ ಮತ್ತು ಮೆಂಡನ್‌ಹಾಲ್ ಅವರು ಮೂವರು ಒಡಹುಟ್ಟಿದವರಲ್ಲಿ ಕಂಡ ತೀವ್ರ ಮಧುಮೇಹವನ್ನು ವರದಿ ಮಾಡುವಾಗ, ಪೀನಿಯಲ್ ಗ್ರಂಥಿಯ ಹಿಗ್ಗುವಿಕೆಗೆ ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಅಗ್ರಸ್ಥಾನ ಕೊಟ್ಟರು.

ಈ ವೈದ್ಯರನ್ನು ಇಂದು ಆಕ್ಷೇಪಿಸುವುದು ನ್ಯಾಯವಲ್ಲ. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆಯೆಂದು ಕರಾರುವಾಕ್ಕಾಗಿ ಅಳೆಯುವ ಉಪಾಯವೇ ಆಗ ಇರಲಿಲ್ಲ. ವಿಕಿರಣಶೀಲ ಅಯೊಡೀನನ್ನು ಬಳಸುವ ಅಂಥ ವಿಧಾನವನ್ನು ನ್ಯೂಯಾರ್ಕಿನಲ್ಲಿ ಯಾಲೋ ಮತ್ತು ಬರ್ಸನ್ ಅವರು 1960ರಲ್ಲಿ ವಿಶದವಾಗಿ ಪ್ರಕಟಿಸಿದರು. ಅಳೆದು ನೋಡಿದರೆ, ಇಂಥ ರೋಗಿಗಳಲ್ಲಿ ಇನ್ಸುಲಿನ್ ಇಲ್ಲದಿರುವುದಿರಲಿ, ಇರಬೇಕಾದುದಕ್ಕಿಂತ ಅನೇಕ ಪಟ್ಟು ಹೆಚ್ಚಾಗಿತ್ತು! 1976ರಲ್ಲಿ ಬೆಥೆಸ್ಡಾದ ಕಾನ್ ಮತ್ತು ಸಂಗಡಿಗರು, ಜೀವಕೋಶದ ಮೇಲೆ ಇನ್ಸುಲಿನ್ನನ್ನು ಹಿಡಿದುಕೊಳ್ಳುವ ಗ್ರಾಹಕದಲ್ಲಿಯೇ ದೋಷವಿರಬಹುದೆಂದು ತೋರಿಸಿದರು. ಆ ಗ್ರಾಹಕದ ಜೀನು 1985ರಲ್ಲಿ ಕೈಗೆ ಸಿಕ್ಕಿತು. 1988ರಲ್ಲಿ ರೋಗಿಗಳಲ್ಲಿ ಅದರ ವಿಕೃತಿಗಳು ಪತ್ತೆಯಾದುವು. ಡಾನಹ್ಯೂ, ರ‍್ಯಾಬ್‌ಸನ್ ಮತ್ತು ಮೆಂಡನ್‌ಹಾಲ್ ಕಂಡದ್ದು ಒಂದೇ ದೋಷದ ಹೆಚ್ಚುಕಡಿಮೆ ರೂಪಗಳು. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಇವು ತಲೆದೋರುತ್ತವೆ. ಸೋದರಸಂಬಂಧದ ವಿವಾಹಗಳು ವಾಡಿಕೆಯಲ್ಲಿರುವ ನಮ್ಮ ನಾಡಿನ ವೈದ್ಯವಿದ್ಯಾರ್ಥಿಗಳು ಇದನ್ನು ಕಥೆಯೆಂದು ಓದಿ ಬಿಡುವಂತಿಲ್ಲ.

ಮೂತ್ರಪಿಂಡದ ಪ್ರಶ್ನೆ ಮುಂದಕ್ಕೆ ಬಂದುದು ಅನಂತರ. ತಿಂಗಳುಗಳಲ್ಲಿ ಸಾಯುವ ಕೂಸಿನಲ್ಲಿ ದೀರ್ಘಕಾಲದ ಹಾನಿ ಕಾಣಲಾರದು. ರೋಗಿಗಳು ತಾರುಣ್ಯದವರೆಗೆ ಉಳಿದು, ವರ್ಷಾನುಗಟ್ಟಲೆ ಅವರನ್ನು ಗಮನಿಸುವಂತಾದ ಮೇಲೆ ಅದು ಕಂಡಿತು. 2004ರಲ್ಲಿ ಬೆಥೆಸ್ಡಾದಿಂದ ಬಂದ ವರದಿಯೊಂದರಲ್ಲಿ, ಮೈಯಲ್ಲೆಲ್ಲ ಕೊಬ್ಬಿಲ್ಲದ 25 ರೋಗಿಗಳಲ್ಲಿ 22 ಮಂದಿಯ ಮೂತ್ರದಲ್ಲಿ ಆಲ್ಬ್ಯುಮಿನ್ ಮಿತಿಮೀರಿ ಸೋರುತ್ತಿತ್ತು. ಮೂತ್ರಪಿಂಡದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಲ್ಲರಲ್ಲಿಯೂ 1936ರ ಆ ಗಂಟುಗಳೇ ಇರಲಿಲ್ಲ. ಬೇರೆ ಬಗೆಯ ವಿಕಾರಗಳೂ ಇದ್ದುವು. ಕೊಬ್ಬಿನಿಂದ ಹುಟ್ಟುವ ಲೆಪ್ಟಿನ್ ಎಂಬ ಹಾರ್ಮೋನನ್ನು ಹೊರಗಿನಿಂದ ಕೊಟ್ಟಾಗ ಬಹುಮಂದಿಯಲ್ಲಿ ಸೋರಿಕೆ ತಗ್ಗಿತು. ಗ್ರಾಹಕವೇ ಕೆಟ್ಟವರ ಚಿತ್ರ ಬೇರೆ. ಅವರಲ್ಲಿ ಮೂತ್ರಪಿಂಡಗಳು ದೊಡ್ಡವಾಗಿರುವುದೂ, ಅವುಗಳೊಳಗೆ ಸುಣ್ಣದ ಲವಣಗಳು ನೆಲೆಗೊಂಡಿರುವುದೂ ಕಂಡುಬಂದಿತು. ತನ್ನ ಗ್ರಾಹಕ ಸಿಗದ ಇನ್ಸುಲಿನ್, ವಿಪರೀತ ಪ್ರಮಾಣದಲ್ಲಿರುವುದರಿಂದ, ಬೆಳವಣಿಗೆಗೆ ಸಂಬಂಧಿಸಿದ ಇನ್ನೊಂದು ಗ್ರಾಹಕವನ್ನು ಪ್ರಚೋದಿಸುವುದೆಂಬುದು ಅಂಗಗಳು ಹಿಗ್ಗುವುದಕ್ಕೆ ಕೊಡುವ ವಿವರಣೆ.

ಎರಡು ಬಗೆಯವರಲ್ಲಿಯೂ ಇನ್ಸುಲಿನ್ ವಿಫಲ, ಇಬ್ಬರಲ್ಲಿಯೂ ಸಕ್ಕರೆ ಹೆಚ್ಚು. ಆದರೂ ಮೂತ್ರಪಿಂಡದ ಗತಿ ಒಂದೇ ಅಲ್ಲ. ಸಕ್ಕರೆಯೊಂದನ್ನೇ ಹೊಣೆಮಾಡುವ ವಾದವು ಇಲ್ಲಿ ಸಡಿಲುತ್ತದೆ. 2010ರಲ್ಲಿ ಬ್ರಿಸ್ಟಲ್ಲಿನ ಸಂಶೋಧಕರು ಮತ್ತು ಸಹಯೋಗಿಗಳು ಇಲಿಗಳಲ್ಲಿ, ಸೋಸುವ ಗೊಂಚಲನ್ನು ತಬ್ಬಿಕೊಂಡಿರುವ ಪೋಡೊಸೈಟ್ ಎಂಬ ಕೋಶಗಳಿಂದ ಮಾತ್ರ ಇನ್ಸುಲಿನ್ ಗ್ರಾಹಕವನ್ನು ತೆಗೆದುಹಾಕಿದರು. ರಕ್ತದ ಸಕ್ಕರೆ ಸರಿಯಾಗಿಯೇ ಇದ್ದರೂ ಆಲ್ಬ್ಯುಮಿನ್ ಸೋರಿತು. ಇಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲು ಲೇಖಕನಿಗೆ ಧೈರ್ಯವಿಲ್ಲ. ಆದರೂ ಮೂತ್ರಪಿಂಡಕ್ಕೆ ಇನ್ಸುಲಿನ್ನಿನ ಅಗತ್ಯ ನೇರವಾದುದೆಂಬ ಮಾತಿಗೆ ಇದು ಬಲವಾದ ಸಾಕ್ಷ್ಯ.

ಮೈಕೊಬ್ಬಿಲ್ಲದವರ ಉಪಯೋಗಕ್ಕಾಗಿ ಲೆಪ್ಟಿನ್ನಿನ ಕೃತಕರೂಪವು 2014ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಗ್ರಾಹಕವೇ ಕೆಟ್ಟು ಹುಟ್ಟಿದ ಮಕ್ಕಳಿಗೆ ಮೂಲದೋಷವನ್ನು ಸರಿಪಡಿಸುವ ಔಷಧಿ ಇನ್ನೂ ದೊರೆತಿಲ್ಲ. ಅವರ ಮೂತ್ರಪಿಂಡಗಳಲ್ಲಿ ಸುಣ್ಣ ಕೂಡುತ್ತಿದೆಯೇ ಎಂದು ಕಾಲಕಾಲಕ್ಕೆ ಪರೀಕ್ಷಿಸಿ ನೋಡಬೇಕಾಗಿದೆ.