ವಸ್ತಾದ ಹೋದ ಮೇಲೆ

ಗೋಲು ಹೊಡೆಯುವ ಆಟಗಾರ ಬೇರೆ ಕ್ಲಬ್ಬಿಗೆ ಹೋದರೆ ಅಭಿಮಾನಿಗಳಿಗೆ ಬೇಜಾರಾಗುತ್ತೆ. ಮುಖ್ಯ ಕೋಚ್ ಹೋದರೂ ಅಷ್ಟೇ. ಆದರೆ ಸ್ಟ್ರೆಂತ್ ಕೋಚ್ ಬಿಟ್ಟು ಹೋದ ಅಂತ ಅಭಿಮಾನಿಗಳು ವಾರಗಟ್ಟಲೆ ಹಲುಬುವುದು ಅಂದರೆ ನಮ್ಮಲ್ಲಿ ಹಲವರಿಗೆ ವಿಚಿತ್ರ ಅನ್ನಿಸಬಹುದು. ಆತ ಟಿವಿಯಲ್ಲಿ ಕಾಣೋದಿಲ್ಲ, ಸ್ಕೋರ್‌ಬೋರ್ಡಿನಲ್ಲಿ ಅವನ ಹೆಸರಿರೋದಿಲ್ಲ. ಬೆಳಗ್ಗೆ ಐದಕ್ಕೆ ಎಬ್ಬಿಸಿ, ಭಾರ ಎತ್ತಿಸಿ, ಓಡಿಸಿ, ಬೈದು, ಊಟದ ತಟ್ಟೆಯ ಮೇಲೂ ಕಣ್ಣಿಡುವ ಮನುಷ್ಯ ಅವನು. ಅವನಿಗಾಗಿ ಯಾರು ಅಳ್ತಾರೆ?

ಹಾವೇರಿ ಜಿಲ್ಲೆಯವರನ್ನು ಕೇಳಿದರೆ ಈ ಪ್ರಶ್ನೆಗೆ ಬೇರೆಯದೇ ಉತ್ತರ ಸಿಗುತ್ತೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ ಹತ್ತುವ ನೀವು ಮೋಟೆಬೆನ್ನೂರನ್ನು ನಿದ್ದೆಯಲ್ಲೇ ದಾಟಿರುತ್ತೀರಿ. ರಾಣೆಬೆನ್ನೂರು ಕಳೆದು ಹಾವೇರಿ ಬರುವ ಮೊದಲು ಹೆದ್ದಾರಿಯ ಮೇಲೆ ಸಿಗುವ ಬ್ಯಾಡಗಿ ತಾಲ್ಲೂಕಿನ ಊರು. ದೀಪಾವಳಿ ಮುಗೀತು ಅಂದರೆ ಈ ಸೀಮೆಯಲ್ಲಿ ಹೋರಿ ಹಬ್ಬದ ಗದ್ದಲ ಶುರು. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಗೆ ಸಿನಿಮಾ ಹೀರೋಗೆ ಇರುವಂತೆ ಹೆಸರು, ಫ್ಲೆಕ್ಸು, ಅಭಿಮಾನಿ ಬಳಗ. ಹೆಸರು ಮಾಡಿದ ಹೋರಿ ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತೆ. ಆದರೆ ಆ ಹೋರಿಯನ್ನು ಕೆರೆಯಲ್ಲಿ ಈಜಾಡಿಸಿ, ನಸುಕಿನಲ್ಲಿ ಓಡಿಸಿ, ಹುರುಳಿ ನೆನೆಸಿ ತಿನ್ನಿಸಿದವನ ಹೆಸರು ಪಕ್ಕದ ಊರಿನವರಿಗೇ ಗೊತ್ತಿರೋದಿಲ್ಲ. ಅಭಿಮಾನ ಓಡುವ ಮೈಗೆ ಸಿಗುತ್ತೆ. ಅದನ್ನು ಓಡಲು ಸಿದ್ಧ ಮಾಡಿದ ಕೈಗೆ ಸಿಗೋದು ಕಡಿಮೆ.

ಹಾಗಾಗಿ ಸ್ಟ್ರೆಂತ್ ಕೋಚ್‌ಗಾಗಿ ಅಳುವ ಅಭಿಮಾನಿಗಳನ್ನು ಕಂಡರೆ ನನಗೆ ಗೌರವ. ಅವರು ಆಟದ ಒಳಗುಟ್ಟು ತಿಳಿದವರು.

ಈ ಹುದ್ದೆಗೆ ಈಗಿನ ರೂಪ ಬಂದದ್ದು ಅಮೆರಿಕದಲ್ಲಿ. ಭಾರ ಎತ್ತಿದರೆ ಮೈ ಬಿಗಿದು ಆಟಗಾರ ನಿಧಾನವಾಗ್ತಾನೆ ಅಂತ ಅಲ್ಲಿನ ಕೋಚ್‌ಗಳು ಬಹಳ ಕಾಲ ನಂಬಿದ್ದರು. 1969ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಎಂಬ ಹುಡುಗನನ್ನು ತನ್ನ ಫುಟ್‌ಬಾಲ್ ತಂಡಕ್ಕೆ ಭಾರ ಎತ್ತಿಸಲು ನೇಮಿಸಿಕೊಂಡಿತು. ಸಂಬಳ ಗಂಟೆಗೆ ಎರಡು ಡಾಲರ್. ಯಾವನಾದರೂ ನಿಧಾನವಾದರೆ ನಿನ್ನ ಕೆಲಸ ಹೋಯ್ತು ಅಂತ ಮುಖ್ಯ ಕೋಚ್ ಮೊದಲೇ ಹೇಳಿದ್ದರಂತೆ. ಯಾರೂ ನಿಧಾನವಾಗಲಿಲ್ಲ. 1970 ಮತ್ತು 1971ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 1978ರಲ್ಲಿ ಎಪ್ಲಿ ಇನ್ನೊಂದು ದೊಡ್ಡ ಕೆಲಸ ಮಾಡಿದರು: ತಮ್ಮಂಥ ಕೋಚ್‌ಗಳನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದರು. ಒಬ್ಬೊಬ್ಬರ ತಲೆಯಲ್ಲಿದ್ದ ವಿದ್ಯೆ ಬರಹಕ್ಕೆ, ಪಾಠಕ್ಕೆ, ಪರೀಕ್ಷೆಗೆ ಬಂತು.

ನಮ್ಮಲ್ಲಿ ಈ ಹುದ್ದೆಯ ಹೆಸರು ಜನರ ಬಾಯಿಗೆ ಬಂದದ್ದು ಮುಖ್ಯವಾಗಿ ಕ್ರಿಕೆಟ್‌ನಿಂದ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ನ್ಯೂಜಿಲೆಂಡ್‌ಗೆ ಸೋತ ಮೇಲೆ ಸ್ಟ್ರೆಂತ್ ಕೋಚ್ ಶಂಕರ್ ಬಸು ಮತ್ತು ಫಿಸಿಯೊ ಪ್ಯಾಟ್ರಿಕ್ ಫರ್ಹಾರ್ಟ್ ಇಬ್ಬರೂ ತಂಡ ಬಿಟ್ಟರು. ವಿರಾಟ್ ಕೊಹ್ಲಿ ಟ್ವಿಟರ್‌ನಲ್ಲಿ ಇಬ್ಬರಿಗೂ ಧನ್ಯವಾದ ಹೇಳಿದರು. ಆರ್‌ಸಿಬಿ ಅಭಿಮಾನಿಗಳಿಗೆ ಬಸು ಹೊಸಬರೇನಲ್ಲ. ಕೊಹ್ಲಿಯ ಮೈಕಟ್ಟು ಬದಲಾದ ಕಥೆಯಲ್ಲಿ ಅವರ ಪಾಲೆಷ್ಟು ಅಂತ ಅವರಿಗೆ ಗೊತ್ತಿತ್ತು.

ಫುಟ್‌ಬಾಲ್‌ಗೆ ಬಂದರೆ ಬೆಂಗಳೂರು ಎಫ್‌ಸಿ ಉದಾಹರಣೆ ಇದೆ. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಕೋಚ್ ಆಶ್ಲಿ ವೆಸ್ಟ್‌ವುಡ್ ಆಟದ ತಂತ್ರದಷ್ಟೇ ಊಟ, ನಿದ್ದೆ, ಫಿಟ್‌ನೆಸ್ ಬಗ್ಗೆಯೂ ಹಟ ಹಿಡಿಯುತ್ತಿದ್ದವರು. ಮೂರು ಸೀಸನ್‌ನಲ್ಲಿ ಎರಡು ಲೀಗ್, ಒಂದು ಫೆಡರೇಷನ್ ಕಪ್ ಗೆಲ್ಲಿಸಿ 2016ರಲ್ಲಿ ಹೊರಟರು. ಕಂಠೀರವದ ಸ್ಟ್ಯಾಂಡ್‌ಗಳಲ್ಲಿ ಹಾಡುತ್ತಿದ್ದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರಿಗೆ ಒಂದು ಕಾಲವೇ ಮುಗಿದಂಗೆ. ಆದರೆ ನೋಡಿ, ಅದೇ ವರ್ಷ ಹೊಸ ಕೋಚ್ ಆಲ್ಬರ್ಟ್ ರೋಕಾ ಕೈಯಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಕ್ಲಬ್ಬೊಂದು ಅಲ್ಲಿಗೆ ಮುಟ್ಟಿದ್ದು ಅದೇ ಮೊದಲು. ಮನುಷ್ಯ ಹೋದರೂ ಶಿಸ್ತು ಉಳಿದಿತ್ತು.

ಹಾಗಾದರೆ ಇದೆಲ್ಲ ಹೊರಗಿನಿಂದ ಬಂದ ವಿದ್ಯೆಯಾ? ಅಲ್ಲ.

ಸುಮಾರು 900 ವರ್ಷದ ಹಿಂದೆ, ಹಾವೇರಿ ಸೀಮೆ ಕಲ್ಯಾಣ ಚಾಲುಕ್ಯರ ಕೈಯಲ್ಲಿದ್ದಾಗ, ಮೂರನೆಯ ಸೋಮೇಶ್ವರ ಎಂಬ ರಾಜ ಸಂಸ್ಕೃತದಲ್ಲಿ ಒಂದು ವಿಶ್ವಕೋಶ ಬರೆದ. 1130ರ ಆಸುಪಾಸಿನ ಆ ಗ್ರಂಥದ ಹೆಸರು ‘ಮಾನಸೋಲ್ಲಾಸ’. ಅಡುಗೆ, ಆನೆ, ಸಂಗೀತ, ಒಡವೆ ಎಲ್ಲದರ ಜೊತೆ ಅದರಲ್ಲಿ ‘ಮಲ್ಲವಿನೋದ’ ಅಂತ ಒಂದು ಭಾಗ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸಬೇಕು ಅನ್ನುತ್ತೆ ಅದು. ಭಾರ ಎತ್ತುವ ಸಾಮು, ನಡೆದಾಡುವ ಸಾಮು, ನೀರಿನಲ್ಲಿ ಈಜುವ ಸಾಮು, ತೋಳಿನ ಸಾಮು, ಕಂಬದ ಸಾಮು ಅಂತ ಬೇರೆಬೇರೆ ಹೇಳುತ್ತೆ. ಹಾಲು, ತುಪ್ಪ, ಬೇಳೆ, ಮಾಂಸ ಅಂತ ಊಟದ ಪಟ್ಟಿಯನ್ನೂ ಕೊಡುತ್ತೆ. ಇವತ್ತಿನ ಭಾಷೆಯಲ್ಲಿ ಸ್ಟ್ರೆಂತ್, ಕಾರ್ಡಿಯೊ, ಡಯಟ್ ಚಾರ್ಟ್. ಎಲ್ಲವೂ ಇದೆ, ಎಕ್ಸೆಲ್ ಶೀಟ್ ಒಂದು ಇಲ್ಲ.

ಆ ವಿದ್ಯೆ ಮುಂದೆ ಗರಡಿಮನೆಯಲ್ಲಿ ಬಾಳಿತು. ಅಲ್ಲಿನ ಸ್ಟ್ರೆಂತ್ ಕೋಚ್ ಅಂದರೆ ವಸ್ತಾದ. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿಸುವುದರಿಂದ ಹಿಡಿದು, ಯಾವ ಹುಡುಗನಿಗೆ ಎಷ್ಟು ದಂಡ, ಎಷ್ಟು ಬೈಠಕ್, ಯಾರ ಖುರಾಕಿಗೆ ಎಷ್ಟು ಬಾದಾಮಿ ಅನ್ನುವವರೆಗೆ ಎಲ್ಲ ಅವನ ಲೆಕ್ಕ. ಯಾರ ಭುಜ ಸೋತಿದೆ, ಯಾರ ಮೊಣಕಾಲು ಕೈ ಕೊಡುತ್ತೆ, ಯಾರನ್ನು ಈ ಜಾತ್ರೆಯ ಕುಸ್ತಿಗೆ ಇಳಿಸಬಾರದು ಅಂತ ಅವನಿಗೆ ಗೊತ್ತು. ಜಾತ್ರೆಯಲ್ಲಿ ಪೈಲ್ವಾನನಿಗೆ ಪಟಕಾ ಸುತ್ತಿ, ಬೆಳ್ಳಿ ಕಡಗ ತೊಡಿಸಿ, ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಪೈಲ್ವಾನ ಬಂದು ವಸ್ತಾದನ ಕಾಲಿಗೆ ಬೀಳ್ತಾನೆ. ಅದೊಂದು ಗಳಿಗೆ ಮಾತ್ರ ಎಲ್ಲರೂ ಆ ಮುದುಕನ ಕಡೆ ತಿರುಗಿ ನೋಡ್ತಾರೆ.

ಸ್ವಾತಂತ್ರ್ಯ ಹೋರಾಟಕ್ಕೂ ಇಂಥವರು ಬೇಕಾದರು. ಜೈಲು, ಲಾಠಿ, ಉಪವಾಸ ತಡೆಯುವ ಮೈ ಸುಮ್ಮನೆ ಬರೋದಿಲ್ಲವಲ್ಲ. ಧಾರವಾಡದ ಕಡೆಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ, ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡು ಸ್ವಯಂಸೇವಕರಿಗೆ ಕವಾಯತು, ವ್ಯಾಯಾಮ, ಶಿಸ್ತು ಕಲಿಸಿದರು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿ ಜೊತೆ ದಂಡಿಗೆ ಹೊರಟ 78 ಜನರಲ್ಲಿ ಮೋಟೆಬೆನ್ನೂರಿನ ಒಬ್ಬ ಹುಡುಗನೂ ಇದ್ದ: ಮೈಲಾರ ಮಹಾದೇವಪ್ಪ. ವಯಸ್ಸು ಹದಿನೆಂಟು. 24 ದಿನ, ಸುಮಾರು 385 ಕಿಲೋಮೀಟರ್, ಬಿಸಿಲಲ್ಲಿ ನಡಿಗೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸಂಗಾತಿಗಳ ಜೊತೆ ಬಿದ್ದರು. ಇಂದು ಅವರ ಹೆಸರಿನಲ್ಲಿ ಸ್ಮಾರಕ ಇದೆ, ಅಂಚೆಚೀಟಿ ಇದೆ, ಇರಬೇಕಾದ್ದೇ. ಹರ್ಡೀಕರರ ಹೆಸರು ಹೇಳಿದರೆ ಮಾತ್ರ ‘ಯಾರವರು?’ ಅಂತ ಹುಬ್ಬಳ್ಳಿಯ ಹುಡುಗರೇ ಕೇಳ್ತಾರೆ. ಹೋರಿಯ ಕಥೆಯೇ ಇಲ್ಲೂ.

ಈಗ ಅಭಿಮಾನಿಗಳ ಅಳಲಿಗೆ ಮರಳೋಣ. ಸ್ಟ್ರೆಂತ್ ಕೋಚ್ ಹೋದಾಗ ನಿಜವಾಗಿ ಏನು ಹೋಗುತ್ತೆ? ವ್ಯಾಯಾಮದ ಪಟ್ಟಿ ಹೋಗೋದಿಲ್ಲ, ಅದು ಎಲ್ಲಾದರೂ ಸಿಗುತ್ತೆ. ಈ ಹುಡುಗ ಸುಸ್ತಾದಾಗ ಸುಳ್ಳು ಹೇಳ್ತಾನೆ, ಆ ಹುಡುಗನ ನೋವು ನಿಜ, ಇವನಿಗೆ ಬೈಗುಳ ಬೇಕು, ಅವನಿಗೆ ಒಂದು ದಿನ ರಜೆ ಸಾಕು ಅನ್ನುವ ತಿಳಿವು ಹೋಗುತ್ತೆ. ವರ್ಷಗಟ್ಟಲೆ ಜೊತೆಗಿದ್ದು ಕಟ್ಟಿಕೊಂಡದ್ದು ಅದು. ಆಫೀಸಿನಲ್ಲಿ ಒಳ್ಳೆಯ ಮ್ಯಾನೇಜರ್ ಕೆಲಸ ಬಿಟ್ಟಾಗ ನಿಮಗಾಗುವ ಸಂಕಟವೂ ಇದೇ ಜಾತಿಯದು. ಹ್ಯಾಂಡೋವರ್ ಡಾಕ್ಯುಮೆಂಟ್‌ನಲ್ಲಿ ಇದು ಬರೋದಿಲ್ಲ.

ಆದರೂ ಪೂರಾ ಕಳೆದುಹೋಗಲೇಬೇಕು ಅಂತಿಲ್ಲ. ಎಪ್ಲಿ ಸಂಘ ಕಟ್ಟಿದ್ದರಿಂದ ಅಲ್ಲಿ ಒಬ್ಬ ಹೋದರೆ ಇನ್ನೊಬ್ಬ ಸಿಗ್ತಾನೆ. ಸೋಮೇಶ್ವರ ಬರೆದಿಟ್ಟದ್ದರಿಂದ 900 ವರ್ಷದ ಹಿಂದಿನ ಸಾಮು ಇವತ್ತೂ ನಮಗೆ ಗೊತ್ತು. ನಡುವಿನ ಅಷ್ಟೊಂದು ತಲೆಮಾರಿನ ವಸ್ತಾದರು ಮಾತ್ರ ಬರೆಯಲಿಲ್ಲ, ಅವರ ಮಾತನ್ನು ನಾವೂ ಬರೆದುಕೊಳ್ಳಲಿಲ್ಲ. ಅವರು ಹೋದಾಗ ಊರು ಅತ್ತಿತು, ಮಣ್ಣು ಮಾಡಿತು, ಆಮೇಲೆ ಗರಡಿಯ ಮಣ್ಣು ಹದ ಮಾಡುವವರೇ ಇಲ್ಲದೆ ಗಟ್ಟಿಯಾಯಿತು.

ನಿಮ್ಮೂರಿನ ಗರಡಿಯಲ್ಲಿ ವಯಸ್ಸಾದ ವಸ್ತಾದರು ಇನ್ನೂ ಇದ್ದರೆ ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಗಂಟೆ ಅವರ ಹತ್ತಿರ ಕೂತ್ಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಣ್ಣಿಗೆ ಏನೇನು ಹಾಕ್ತೀರಿ ಅಜ್ಜಾ, ಹುಡುಗನ್ನ ಮೊದಲ ದಿನ ಏನು ಮಾಡಿಸ್ತೀರಿ, ಯಾರ ಹತ್ರ ಕಲಿತ್ರಿ ಅಂತ ಕೇಳಿ. ಆ ಕೊನೆಯ ಪ್ರಶ್ನೆಗೆ ಅವರು ಹೇಳುವ ಹೆಸರನ್ನು ತಪ್ಪದೇ ಬರೆದುಕೊಳ್ಳಿ.