ಪಾತ್ರವರ್ಗ
ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬೀರ್ವರು ರಚಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನಾಟದಲ್ಲಿ ಆಟಗಾರನು ತನ್ನ ಪಾತ್ರಕ್ಕೆಂದು ಆರಿಸಿಕೊಳ್ಳುವ ವೃತ್ತಿಗೆ ಪಾತ್ರವರ್ಗವೆಂದು ಹೆಸರು. ಮೊದಲಿಗಿದ್ದವು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ. ಕಳ್ಳನು 1975ರ 'ಗ್ರೇಹಾಕ್' ಪುರವಣಿಯಲ್ಲಿ ಬಂದು ಸೇರಿದನು. ಈ ನಾಲ್ವರ ಕೂಟವೇ ಸಮತೂಕದ ತಂಡವೆಂಬ ಭಾವನೆ ರೂಢವಾಯಿತಾದರೂ, ಆಡುವವರು ಇಬ್ಬರೋ ಮೂವರೋ ಆದಾಗ, ಶತ್ರುವಿನ ಪೆಟ್ಟನ್ನು ಎದುರುನಿಂತು ತಾಳುವ, ಗಾಯವನ್ನು ಮಾಯಿಸುವ, ಮುಚ್ಚಿದ ಬೀಗವನ್ನು ತೆರೆಯುವ ಕಾರ್ಯಗಳಲ್ಲಿ ಎರಡನ್ನಾದರೂ ಒಬ್ಬನೇ ನಿರ್ವಹಿಸಬೇಕಾಗುವುದರಿಂದ, ಖಡ್ಗವನ್ನೂ ಚಿಕಿತ್ಸೆಯನ್ನೂ ಬಲ್ಲ ಪ್ಯಾಲಡಿನ್, ಮಂತ್ರದೊಡನೆ ನಾನಾ ಕೌಶಲಗಳುಳ್ಳ ಬಾರ್ಡ್ ಮೊದಲಾದ ಮಿಶ್ರವರ್ಗಗಳೇ ಅಲ್ಲಿ ಹೆಚ್ಚು ಉಪಯುಕ್ತವೆನ್ನಬೇಕು. ಗಾಯ ಮಾಯಿಸಲು ತಂಡಕ್ಕೆ ಬೇಕಾದ ಪುರೋಹಿತನ ಪಾತ್ರವು ಆಡಲು ಯಾರಿಗೂ ಬೇಡವಾಗಿ, ತಡವಾಗಿ ಬಂದವನ ಕೊರಳಿಗೆ ಬೀಳುತ್ತಿದ್ದುದೂ ಉಂಟು. 2014ರ ಐದನೆಯ ಆವೃತ್ತಿಯಲ್ಲಿ ಯಾವ ವರ್ಗದವನಾದರೂ ಅಲ್ಪವಿಶ್ರಾಂತಿಯಿಂದ ತುಸು ಚೇತರಿಸಿಕೊಳ್ಳಬಹುದಾದ್ದರಿಂದ ಆ ಬಲವಂತ ಸಡಿಲಗೊಂಡಿದೆ.