ಬೆಂಕಿ ಕುದುರೆ ಮತ್ತು ಪರಾಭವ

ಸೋಲದೇವನಹಳ್ಳಿಯ ನಮ್ಮ ನೆರೆಮನೆಯ ಪಂಚಾಂಗಕ್ಕೆ 2026ರ ಯುಗಾದಿಯಿಂದ ಪರಾಭವ ಸಂವತ್ಸರ. ಬೈಲಕುಪ್ಪೆಯ ಟಿಬೆಟನ್ನರಿಗೆ ಅದೇ ಫೆಬ್ರವರಿಯ ಲೋಸರ್ ಹಬ್ಬದಿಂದ ಬೆಂಕಿ ಕುದುರೆಯ ವರ್ಷ. ಎರಡೂ ಅರವತ್ತರ ಚಕ್ರದ 40ನೆಯ ವರ್ಷವೆಂದು ತಿಳಿದಾಗ ನಾವು ಬೆರಗಾದೆವು. ಚೀನೀಯರ ಹನ್ನೆರಡು ಪ್ರಾಣಿಗಳು, ಮರ, ಬೆಂಕಿ, ಮಣ್ಣು, ಲೋಹ, ನೀರೆಂಬ ಐದು ಧಾತುಗಳು ಸೇರಿ ಅರವತ್ತು. ಅದನ್ನು ಟಿಬೆಟನ್ನರು 1027ರಿಂದ ನಮ್ಮ ಪ್ರಭವಾದಿ ಎಣಿಕೆಗೆ ಹೊಂದಿಸಿದರು. ಅವರ ‘ರಬ್‌ಜುಂಗ್’ ಎಂದರೆ ಪ್ರಭವವೇ. ಟಿಪ್ಪು ಸುಲ್ತಾನನೂ ತನ್ನ ಮೌಲೂದಿ ಪಂಚಾಂಗದಲ್ಲಿ ಈ ಅರವತ್ತನ್ನು ಉಳಿಸಿಕೊಂಡ, ಹೆಸರುಗಳನ್ನಷ್ಟೇ ಬದಲಿಸಿದ.

ಎಣಿಕೆಯದೇನೂ ತಪ್ಪಿಲ್ಲ. ಆದರೆ ಬೆಂಕಿ ಕುದುರೆಯ ಹೆಣ್ಣು ಗಂಡನಿಗೆ ಕೇಡೆಂದು ನಂಬಿದ್ದ ಜಪಾನಿನಲ್ಲಿ 1966ರ ಜನನಗಳು ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕುಸಿದವು. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಕೇಡಂತೆ. ಮೂಲಾ ನಕ್ಷತ್ರದ ಹುಡುಗನ ಮದುವೆ ನಿಂತದ್ದನ್ನು ನಾವಂತೂ ಕಂಡಿಲ್ಲ.